ಬೋಟಿನ ವಾಸನೆ

ಕೇಳುಗರಿಗೆಲ್ಲ ನಮಸ್ಕಾರ. ಪೆಟ್ರೋಲ್ ಗೋವಾದಲ್ಲಿ ಅಗ್ಗ ಅಂತ ಕಾರವಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಡಿಯ ಮಾಜಾಳಿ ದಾಟಿ ಗೋವಾದ ಪೋಳೆಂ ಕಡೆ ಹೋದರೆ ಟ್ಯಾಂಕ್ ತುಂಬಿಸಿಕೊಂಡೇ ವಾಪಸ್ ಬರುವುದು. ಬಂಕಿನ ಹುಡುಗ "ಝೀರೋ ನೋಡಿ ಸರ್" ಅನ್ನುತ್ತಾನೆ, ನಾವು ನೋಡುತ್ತೇವೆ, ದುಡ್ಡು ಕೊಡುತ್ತೇವೆ, ಆಯಿತು. ಎಷ್ಟೋ ಸಲ ಸೀಟಿನಿಂದ ಇಳಿಯುವುದೂ ಇಲ್ಲ. ಇಪ್ಪತ್ತು ವರ್ಷ ಗಾಡಿ ಓಡಿಸಿದ ನಾನು ಬಂಕಿನ ನಾಝಲ್ ಅನ್ನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಪೋರ್ಚುಗಲ್‌ನಲ್ಲಿ.

ತಂಗಿ ಲಿಸ್ಬನ್‌ನಲ್ಲಿ ಇದ್ದಾಳೆ. ಅವಳನ್ನು ನೋಡಲು ನಾನು ಮತ್ತು ಆಯಿ, ಅಂದರೆ ನಮ್ಮಮ್ಮ, ಹೋಗಿದ್ದೆವು. ಹೊರಡುವ ಮೊದಲು ಇಲ್ಲಿನ ಆರ್‌ಟಿಒದಲ್ಲಿ 1000 ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೆ, ಅದು ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆಯನ್ನೂ ಆನ್ ಮಾಡಿಕೊಂಡೆ. ಇದನ್ನು ಮರೆತರೆ ಅಲ್ಲಿನ ಪಂಪಿನ ಎದುರು ಕಾರ್ಡ್ ಸುಮ್ನೆ ಪ್ಲಾಸ್ಟಿಕ್ ತುಂಡು.

ಬಾಡಿಗೆ ಕಾರಿನ ಕೌಂಟರಿನಲ್ಲಿದ್ದ ಹುಡುಗಿ ಪಕ್ಕದವನಿಗೆ ಏನೋ ಹೇಳಿದಳು, ಅದರಲ್ಲಿ "ಶಾವಿ" ಅನ್ನುವ ಮಾತು ನನ್ನ ಕಿವಿಗೆ ಬಿತ್ತು. ನಮ್ಮ ಚಾವಿಯೇ! ಗೋವಾದಲ್ಲಿ ಪೋರ್ಚುಗೀಸರು 1510ರಿಂದ 1961ರವರೆಗೆ ಇದ್ದರಲ್ಲ, ಅವರಿಂದ ನಮ್ಮ ಕಡೆಗೆ ಬಂದ ಮಾತುಗಳು ಎಷ್ಟೊಂದು. ಚಾವಿ, ಅಲಮಾರು, ಕಿಟಕಿಗೆ ಕೊಂಕಣಿಯ ಜನೇಲ್, ಪಾವ್. ಆಯಿಗಂತೂ ಅದು ಹಬ್ಬ. ಪರದೇಶದಲ್ಲಿ ಗುರುತಿನ ಮಾತು ಕೇಳಿದರೆ ಧೈರ್ಯ ಬರುತ್ತದೆ, ಅಲ್ವಾ? ನನಗೂ ಬಂತು, ಸ್ವಲ್ಪ ಜಾಸ್ತಿಯೇ ಬಂತು. ಕೌಂಟರಿನ ಹುಡುಗಿ ಕಾರಿನ ಇಂಧನದ ಹೆಸರು ಹೇಳಿದಾಗ ಎಲ್ಲ ತಿಳಿಯಿತು ಅಂದುಕೊಂಡು ತಲೆಯಾಡಿಸಿದೆ.

ಲಿಸ್ಬನ್‌ನಿಂದ ಉತ್ತರಕ್ಕೆ ಕರಾವಳಿಯಲ್ಲಿ ನಝರೆ ಅಂತ ಊರು. ಮೀನುಗಾರರ ಊರು. ಅಲ್ಲಿನ ಮರಳಿನ ಮೇಲೆ ಹೆಂಗಸರು ಮೀನನ್ನು ಸೀಳಿ, ಉಪ್ಪು ನೀರಿನಲ್ಲಿ ಅದ್ದಿ, ಬಲೆ ಬಿಗಿದ ಮರದ ಚೌಕಟ್ಟಿನ ಮೇಲೆ ಬಿಸಿಲಿಗೆ ಹರಡುತ್ತಾರೆ. ಆಯಿ ಕಾರವಾರದ ಬೈತಖೋಲದವಳು, ಒಣಮೀನಿನ ನಡುವೆಯೇ ಬೆಳೆದವಳು. ಒಂದು ತಾಸು ಅಲ್ಲಿಂದ ಕದಲಲಿಲ್ಲ. ಒಂದು ಬಂಗಡೆಯಷ್ಟು ಉದ್ದದ ಮೀನನ್ನು ಎತ್ತಿ, ಬೆನ್ನು ಒತ್ತಿ ನೋಡಿ, "ಇನ್ನೊಂದು ದಿನ ಬಿಸಿಲು ಬೇಕು" ಅಂದಳು. ಮಾರುವ ಹೆಂಗಸು ಏನು ತಿಳಿದುಕೊಂಡಳೋ, ಹೌದು ಅನ್ನುವ ಹಾಗೆ ತಲೆಯಾಡಿಸಿದಳು.

ವಾಪಸ್ ಹೊರಟಾಗ ಬಂಕಿಗೆ ತಿರುಗಿಸಿದೆ. ಯಾರೂ ಬರಲಿಲ್ಲ. ಅಲ್ಲಿ ಹೆಚ್ಚಿನ ಕಡೆ ನಾವೇ ಹಾಕಿಕೊಳ್ಳಬೇಕು. ಕೆಲವು ಬಂಕಿನಲ್ಲಿ ಮೊದಲೇ ದುಡ್ಡು, ಕೆಲವು ಕಡೆ ಹಾಕಿಕೊಂಡ ಮೇಲೆ ಒಳಗೆ ಹೋಗಿ ಪಂಪಿನ ನಂಬರ್ ಹೇಳಿ ಕೊಡುವುದು. ಟ್ಯಾಂಕಿನ ಮುಚ್ಚಳ ಯಾವ ಬದಿಗೆ ಅಂತ ಇಳಿದು ನೋಡಬೇಕಾಗಿಲ್ಲ, ಹೆಚ್ಚಿನ ಕಾರುಗಳಲ್ಲಿ ಇಂಧನದ ಮುಳ್ಳಿನ ಹತ್ತಿರ ಸಣ್ಣ ಬಾಣದ ಗುರುತು ಇರುತ್ತದೆ, ಅದು ತೋರಿಸಿದ ಬದಿಯೇ.

ಪಂಪಿನ ಮೇಲೆ ಎರಡು ಹೆಸರು. ಗಾಸೊಲೀನ, ಗಾಸೋಲಿಯು. ಕೇಳಲು ಅಕ್ಕತಂಗಿಯರ ಹಾಗೆ, ಅಲ್ವಾ? ಆದರೆ ಗಾಸೊಲೀನ ಅಂದರೆ ಪೆಟ್ರೋಲ್, ಗಾಸೋಲಿಯು ಅಂದರೆ ಡೀಸೆಲ್. ಇಟಲಿಯಲ್ಲೂ ಗಾಸೋಲಿಯೋ ಅಂದರೆ ಡೀಸೆಲ್ಲೇ, ಫ್ರಾನ್ಸ್‌ನಲ್ಲಿ ಗಾಝೋಲ್ ಅಂದರೂ ಡೀಸೆಲ್ಲೇ. ಕೌಂಟರಿನ ಹುಡುಗಿ ಹೇಳಿದ್ದು ಒಂದು, ನಾನು ಕೇಳಿಸಿಕೊಂಡದ್ದು ಇನ್ನೊಂದು. ಹಸಿರು ಹಿಡಿಯ ಪೆಟ್ರೋಲ್ ನಾಝಲ್ ಎತ್ತಿ ಟ್ಯಾಂಕಿಗೆ ಇಟ್ಟೆ. ಸಲೀಸಾಗಿ ಇಳಿಯಿತು.

ಆಯಿ ಪಕ್ಕದಲ್ಲೇ ನಿಂತಿದ್ದಳು. "ಪುತಾ, ತಡಿ" ಅಂದಳು. "ಮುಚ್ಚಳ ತೆಗೆದಾಗ ಬೋಟಿನ ವಾಸನೆ ಬಂತಲ್ಲ."

ಬೈತಖೋಲದ ಬಂದರಿನಲ್ಲಿ ಬೋಟಿಗೆ ಡೀಸೆಲ್ ಹಾಕುವುದನ್ನು ಚಿಕ್ಕಂದಿನಿಂದ ನೋಡಿದ ಮೂಗು ಅದು. ನಾನು ಹಿಡಿಯನ್ನು ಇನ್ನೂ ಒತ್ತಿರಲಿಲ್ಲ. ನಾಝಲ್ ತೆಗೆದು ಮುಚ್ಚಳದ ಒಳಬದಿ ನೋಡಿದೆ, ಒಂದು ಚೌಕದ ಒಳಗೆ ಬಿ7 ಅಂತ ಇತ್ತು. ಯುರೋಪಿನಲ್ಲಿ 2018ರ ಅಕ್ಟೋಬರ್‌ನಿಂದ ಹೊಸ ಗಾಡಿಗಳಿಗೂ ಪಂಪುಗಳಿಗೂ ಈ ಗುರುತು ಇದೆ. ಪೆಟ್ರೋಲ್‌ಗೆ ವೃತ್ತ, ಒಳಗೆ ಇ5 ಅಥವಾ ಇ10. ಡೀಸೆಲ್‌ಗೆ ಚೌಕ. ಭಾಷೆ ಬರದವರಿಗೂ ತಿಳಿಯಲಿ ಅಂತಲೇ ಮಾಡಿದ್ದು. ನಾನು ನೋಡಿರಲಿಲ್ಲ.

ಬಣ್ಣವನ್ನು ಮಾತ್ರ ನಂಬಬೇಡಿ. ಯುರೋಪಿನಲ್ಲಿ ಸಾಮಾನ್ಯವಾಗಿ ಹಸಿರು ಪೆಟ್ರೋಲ್, ಕಪ್ಪು ಡೀಸೆಲ್. ಅಮೆರಿಕಕ್ಕೆ ಹೋದರೆ ಹಸಿರು ಹಿಡಿ ಹೆಚ್ಚಾಗಿ ಡೀಸೆಲ್‌ದು. ಡೀಸೆಲ್ ನಾಝಲ್ ದಪ್ಪ, ಹಾಗಾಗಿ ಅದು ಪೆಟ್ರೋಲ್ ಕಾರಿನ ಬಾಯಿಗೆ ಸಾಮಾನ್ಯವಾಗಿ ಹಿಡಿಸುವುದಿಲ್ಲ. ಪೆಟ್ರೋಲ್‌ದು ಸಣ್ಣ, ಡೀಸೆಲ್ ಕಾರಿಗೆ ಆರಾಮಾಗಿ ಹೋಗುತ್ತದೆ. ತಪ್ಪು ನಡೆಯುವುದೇ ಅಲ್ಲಿ. ಡೀಸೆಲ್ ಕಾರಿನೊಳಗಿನ ಇಂಧನ ಪಂಪಿಗೆ ಡೀಸೆಲ್ಲೇ ಎಣ್ಣೆಯ ಹಾಗೆ ಜಿಡ್ಡು ಕೊಡುವುದು, ಪೆಟ್ರೋಲ್ ಹೋದರೆ ಆ ಜಿಡ್ಡು ಹೋಗಿ ಒಳಗಿನ ಲೋಹ ಉಜ್ಜುತ್ತದೆ. ಒಂದು ವೇಳೆ ಹಾಕಿಬಿಟ್ಟರೂ ಚಾವಿ ತಿರುಗಿಸಬೇಡಿ, ದಯವಿಟ್ಟು. ಗಾಡಿ ತಳ್ಳಿ ಬದಿಗೆ ನಿಲ್ಲಿಸಿ ಬಾಡಿಗೆಯವರಿಗೆ ಫೋನ್ ಮಾಡಿ. ಸ್ಟಾರ್ಟ್ ಮಾಡದಿದ್ದರೆ ಟ್ಯಾಂಕ್ ಖಾಲಿ ಮಾಡಿದರೆ ಸಾಕಾಗಬಹುದು, ಮಾಡಿದರೆ ದೊಡ್ಡ ಖರ್ಚು, ಮತ್ತು ಇಂಥದ್ದಕ್ಕೆ ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ಬರುವುದಿಲ್ಲ.

ಇನ್ನೊಂದು ಮಾತು. ನಮ್ಮದು ತುಂಬಿದ ಟ್ಯಾಂಕ್ ಕೊಟ್ಟು ತುಂಬಿದ ಟ್ಯಾಂಕೇ ವಾಪಸ್ ತೆಗೆದುಕೊಳ್ಳುವ ಕರಾರು. ಅದೇ ಒಳ್ಳೆಯದು. ಮೊದಲೇ ಇಂಧನದ ದುಡ್ಡು ಕಟ್ಟಿಸಿಕೊಳ್ಳುವ ಪದ್ಧತಿಯಲ್ಲಿ ಉಳಿದ ಇಂಧನದ ಹಣ ಹೆಚ್ಚಾಗಿ ವಾಪಸ್ ಬರುವುದಿಲ್ಲ. ವಿಮಾನ ನಿಲ್ದಾಣದ ಹತ್ತಿರವೇ ತುಂಬಿಸಿ, ಚೀಟಿ ಇಸಿದುಕೊಂಡು, ಆ ಚೀಟಿಯದೂ ಮುಳ್ಳಿನದೂ ಫೋಟೋ ತೆಗೆದೆ. ಆದರೂ ಊರಿಗೆ ಬಂದ ಮೇಲೆ ಕಾರ್ಡಿನಲ್ಲಿ ಇಂಧನದ ಲೆಕ್ಕಕ್ಕೆ ಹಣ ಕಡಿತವಾಗಿತ್ತು. ಎರಡೂ ಫೋಟೋ ಕಳಿಸಿದೆ. ಮೂರನೇ ವಾರ ಪೂರ್ತಿ ಹಣ ವಾಪಸ್ ಬಂತು. ಅಷ್ಟರಲ್ಲಿ ಪರ್ಸಿನಲ್ಲಿದ್ದ ಚೀಟಿಯ ಅಕ್ಷರ ಮಾಸಿ ಬಿಳಿ ಕಾಗದವಾಗಿತ್ತು.

ಆಯಿ ಈಗಲೂ ನಾನು ಬಂಕಿಗೆ ಹೋದರೆ ಕಿಟಕಿ ಇಳಿಸಿ ಕೂರುತ್ತಾಳೆ. ನಮಸ್ಕಾರ.