ಹ್ಯಾಂಡಲ್ ಮೇಲಿನ ಮೂರು ಅಂಕಿ

ಕೇಳುಗರಿಗೆ ನಮಸ್ಕಾರ.

ಸೈಕಲ್ಲಿನ ಹ್ಯಾಂಡಲ್ ಮೇಲೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಪರದೆ. ಅದರಲ್ಲಿ ಮೂರು ಅಂಕಿ. ವೇಗ 24, ಕೇಡೆನ್ಸ್ 61, ಹೃದಯ ಬಡಿತ 158. ಸೈಕಲ್ ಕಂಪ್ಯೂಟರ್ ಹೊಸದಾಗಿ ಕೂರಿಸಿಕೊಂಡವರ ಕಣ್ಣೆಲ್ಲ ಮೊದಲನೆಯದರ ಮೇಲೆ. ನಿಜ ಹೇಳಬೇಕೆಂದರೆ, ಮೂರರಲ್ಲಿ ಕಡಿಮೆ ಉಪಯೋಗದ್ದು ಅದೇ. ಎದುರುಗಾಳಿ ಬೀಸಿದರೆ ವೇಗ ಇಳಿಯುತ್ತದೆ, ಇಳಿಜಾರು ಸಿಕ್ಕರೆ ಏರುತ್ತದೆ. ಅದರಲ್ಲಿ ಸವಾರನ ಪಾಲು ಎಷ್ಟು ಎಂದು ತಿಳಿಯಬೇಕಾದರೆ ಉಳಿದೆರಡನ್ನು ನೋಡಬೇಕು. ಪೆಡಲ್ ನಿಮಿಷಕ್ಕೆ ಎಷ್ಟು ಪೂರ್ತಿ ಸುತ್ತು ತಿರುಗುತ್ತಿದೆ ಎನ್ನುವುದು ಕೇಡೆನ್ಸ್. ಎಣಿಸುವುದು ಒಂದೇ ಕಾಲಿನ ಸುತ್ತು, ಎರಡೂ ಕಾಲಿನದ್ದಲ್ಲ.

ಈ ಅಂಕಿಗಳನ್ನು ನಂಬುವ ಮೊದಲು ಅವು ಹುಟ್ಟುವ ಬಗೆ ಗೊತ್ತಿರಬೇಕು. ಮುಂದಿನ ಚಕ್ರದ ಒಂದು ಕಡ್ಡಿಗೆ ಪುಟ್ಟ ಅಯಸ್ಕಾಂತ, ಫೋರ್ಕಿಗೆ ಸೆನ್ಸರ್. ಸೆನ್ಸರಿನೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಗಾಜಿನ ನಳಿಕೆ, ಅದರಲ್ಲಿ ಒಂದಕ್ಕೊಂದು ತಾಗದಂತೆ ನಿಂತ ಎರಡು ತೆಳು ಲೋಹದ ಎಸಳು. ಅಯಸ್ಕಾಂತ ಮುಂದೆ ಹಾದಾಗ ಅವೆರಡೂ ಕೂಡಿಕೊಳ್ಳುತ್ತವೆ, ದಾಟಿದೊಡನೆ ಬಿಟ್ಟುಕೊಳ್ಳುತ್ತವೆ. ಸೈಕಲ್ ಗಂಟೆಗೆ 36 ಕಿಲೋಮೀಟರ್ ಓಡುವಾಗ ಇದು ಸೆಕೆಂಡಿಗೆ ಹೆಚ್ಚುಕಮ್ಮಿ ಐದು ಸಲ ನಡೆಯುತ್ತದೆ. ಕಂಪ್ಯೂಟರ್ ಮಾಡುವುದು ಇಷ್ಟೇ: ಸುತ್ತು ಎಣಿಸಿ, ಚಕ್ರದ ಸುತ್ತಳತೆಯಿಂದ ಗುಣಿಸುವುದು. ಆ ಸುತ್ತಳತೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ತುಂಬಿಕೊಡಬೇಕಾದವರು ನಾವು.

ಹೆಚ್ಚಿನ ತಪ್ಪು ಇಲ್ಲೇ ಆಗುವುದು. 700 ಗುಣಿಸು 25 ಎಂದು ಬರೆದ ಟಯರಿಗೆ ಪಟ್ಟಿಯಲ್ಲಿ ಸಿಗುವ ಅಳತೆ 2105. 32ರ ಟಯರಿಗೆ 2155. ದಪ್ಪ ಟಯರ್ ಹಾಕಿಸಿಕೊಂಡು ಹಳೆಯ ಅಂಕಿಯನ್ನೇ ಉಳಿಸಿಕೊಂಡರೆ ನೂರು ಕಿಲೋಮೀಟರಿಗೆ ಸುಮಾರು ಎರಡೂಕಾಲು ಕಿಲೋಮೀಟರ್ ಕಡಿಮೆ ತೋರಿಸುತ್ತದೆ. ಪಟ್ಟಿಗಿಂತ ಅಳೆಯುವುದೇ ಮೇಲು. ಟಯರಿಗೆ ಎಂದಿನಷ್ಟು ಗಾಳಿ ತುಂಬಿ. ಗಾಳಿ ತುಂಬುವ ವಾಲ್ವ್ ನೇರ ನೆಲದ ಕಡೆ ಬಂದಾಗ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆಯಿರಿ. ಸೈಕಲ್ಲಿನ ಮೇಲೆ ಕೂತು, ಇನ್ನೊಬ್ಬರ ಕೈಯಲ್ಲಿ ಹಿಡಿಸಿಕೊಂಡು, ನೇರವಾಗಿ ಮುಂದಕ್ಕೆ ಉರುಳಿಸಿ. ವಾಲ್ವ್ ಮತ್ತೆ ಕೆಳಗೆ ಬಂದ ಕಡೆ ಎರಡನೆಯ ಗೆರೆ. ನಡುವಿನ ದೂರವೇ ಸುತ್ತಳತೆ. ಮೈಭಾರಕ್ಕೆ ಟಯರ್ ತುಸು ತಗ್ಗುವುದರಿಂದ ಕೂತು ಅಳೆದದ್ದಕ್ಕೂ ಖಾಲಿ ಸೈಕಲ್ ಉರುಳಿಸಿ ಅಳೆದದ್ದಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಮೂರು ಸುತ್ತು ಉರುಳಿಸಿ ಮೂರರಿಂದ ಭಾಗಿಸಿದರೆ ಇನ್ನೂ ನಿಖರ.

ಅಯಸ್ಕಾಂತಕ್ಕೂ ಸೆನ್ಸರಿಗೂ ನಡುವೆ 5 ಮಿಲಿಮೀಟರ್ ಮೀರಬಾರದು. ಸೆನ್ಸರಿನ ಮೇಲೆ ಒಂದು ಗೆರೆಯ ಗುರುತಿರುತ್ತದೆ, ಅಯಸ್ಕಾಂತ ಅದರ ಎದುರಿಗೇ ಹಾಯಬೇಕು. ಗುಂಡಿಗೆ ಬಿದ್ದು ಎದ್ದ ಮೇಲೆ ವೇಗ ಸೊನ್ನೆ ತೋರಿಸಿದರೆ ಬ್ಯಾಟರಿಯನ್ನು ದೂರುವ ಮುನ್ನ ಇದನ್ನು ನೋಡಿ. ಕಡ್ಡಿಯ ಮೇಲೆ ಅಯಸ್ಕಾಂತ ಜಾರಿ ತಿರುಗಿಕೊಂಡಿರುತ್ತದೆ.

ಕೇಡೆನ್ಸ್ ಸೆನ್ಸರ್ ಎರಡು ಬಗೆಯದು. ಮೊದಲನೆಯದು ಇದೇ ಅಯಸ್ಕಾಂತದ್ದು: ಎಡಗಡೆಯ ಕ್ರ್ಯಾಂಕಿನ, ಅಂದರೆ ಪೆಡಲ್ ಹಿಡಿದ ತೋಳಿನ, ಒಳಮೈಗೆ ಅಯಸ್ಕಾಂತ, ಹಿಂಚಕ್ರಕ್ಕೆ ಹೋಗುವ ಕೆಳಕೊಳವೆಗೆ ಸೆನ್ಸರ್. ಎಡಗಡೆ ಏಕೆಂದರೆ ಬಲಗಡೆ ಚೈನಿನ ಗದ್ದಲ. ಇನ್ನೊಂದಕ್ಕೆ ಅಯಸ್ಕಾಂತವೇ ಬೇಡ, ತಿರುಗುವಿಕೆಯನ್ನು ತಾನೇ ಗ್ರಹಿಸುತ್ತದೆ, ರಬ್ಬರ್ ಬಳೆಯಿಂದ ಕ್ರ್ಯಾಂಕಿಗೆ ಬಿಗಿದರೆ ಮುಗಿಯಿತು. ಬಿಗಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಒಂದು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ, ಸೆನ್ಸರ್ ಕೊಳವೆಗೆ ಉಜ್ಜುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ನಿಂತ ಸೈಕಲ್ಲಿನಲ್ಲಿ ಈ ಸೆನ್ಸರ್ ನಿದ್ದೆ ಹೋಗಿರುತ್ತದೆ. ಕಂಪ್ಯೂಟರಿನೊಡನೆ ತಂತಿಯಿಲ್ಲದ ಜೋಡಣೆಗೆ ಹುಡುಕುವ ಮೊದಲು ನಾಲ್ಕು ಸುತ್ತು ಪೆಡಲ್ ತಿರುಗಿಸಿ ಎಬ್ಬಿಸಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಎಷ್ಟು ಹುಡುಕಿದರೂ ಸಿಗದು.

ಜೋಡಣೆಯನ್ನು ಮನೆಯಲ್ಲೇ ಮುಗಿಸಿ. ಹತ್ತು ಜನ ಸವಾರರ ನಡುವೆ ನಿಂತು ಮಾಡಿದರೆ ಪಕ್ಕದವರ ಹೃದಯ ನಿಮ್ಮ ಪರದೆಯಲ್ಲಿ ಬಡಿಯಬಹುದು! ಈಗಿನ ಸೆನ್ಸರುಗಳು ಮಾತಾಡುವ ಭಾಷೆ ಎರಡು, ಬ್ಲೂಟೂತ್ ಮತ್ತು ಆಂಟ್ ಪ್ಲಸ್. ಆಂಟ್ ಪ್ಲಸ್ಸಿನಲ್ಲಿ ಒಂದೇ ಸೆನ್ಸರಿನ ಮಾತನ್ನು ಹಲವು ಯಂತ್ರಗಳು ಒಟ್ಟಿಗೆ ಕೇಳಬಹುದು. ಬ್ಲೂಟೂತಿನ ಹಲವು ಸೆನ್ಸರುಗಳು ಒಮ್ಮೆ ಒಂದು ಯಂತ್ರಕ್ಕೆ ಜೋಡಿಕೊಂಡರೆ ಅದೇ ಹೊತ್ತಿಗೆ ಇನ್ನೊಂದಕ್ಕೆ ಸಿಗುವುದಿಲ್ಲ. ಕಂಪ್ಯೂಟರಿಗೆ ಸೆನ್ಸರ್ ಕಾಣುತ್ತಿಲ್ಲವೆಂದರೆ ಜೇಬಿನಲ್ಲಿರುವ ಫೋನ್ ಅದನ್ನು ಆಗಲೇ ಹಿಡಿದುಕೊಂಡಿದೆಯೇ ನೋಡಿ. ಹಳೆಯ ಅಗ್ಗದ ಮಾದರಿಗಳದ್ದು ಬೇರೆ ಕಥೆ. ಅವುಗಳ ಸಂಕೇತ ಒಂದು ಮೀಟರ್ ದೂರಕ್ಕೂ ಸರಿಯಾಗಿ ತಲುಪುವುದಿಲ್ಲ, ಹ್ಯಾಂಡಲ್ ಮೇಲೆ ಎಲ್‌ಇಡಿ ದೀಪ ಹೊತ್ತಿಸಿದರೆ ನಿಂತ ಸೈಕಲ್ಲಿಗೂ ವೇಗ ತೋರಿಸುವುದುಂಟು. ದೀಪವನ್ನು ಕಂಪ್ಯೂಟರಿನಿಂದ ಒಂದು ಗೇಣು ದೂರ ಸರಿಸಿ ನೋಡಿ.

ಇನ್ನು ಬಡಿತ ಅಳೆಯುವ ಎದೆಪಟ್ಟಿ. ಫಿನ್ಲೆಂಡಿನ ಪೋಲಾರ್ ಕಂಪನಿ 1980ರ ದಶಕದ ಆರಂಭದಲ್ಲಿ ತಂತಿಯಿಲ್ಲದ ಹೃದಯ ಬಡಿತ ಮಾಪಕವನ್ನು ಮಾರುಕಟ್ಟೆಗೆ ತಂದಾಗಿನಿಂದ ಇದರ ಮೂಲ ಉಪಾಯ ಬದಲಾಗಿಲ್ಲ. ಹೃದಯದ ಪ್ರತಿ ಬಡಿತಕ್ಕೂ ಚರ್ಮದ ಮೇಲೆ ಮೂಡುವ ವಿದ್ಯುತ್ತಿನ ಅತಿ ಸಣ್ಣ ಅಲೆಯನ್ನು ಪಟ್ಟಿ ಹಿಡಿಯುತ್ತದೆ. ಒಣ ಚರ್ಮದಲ್ಲಿ ಆ ಅಲೆ ಪಟ್ಟಿಗೆ ಸರಿಯಾಗಿ ಹರಿಯುವುದಿಲ್ಲ. ಆದ್ದರಿಂದ ಕಟ್ಟಿಕೊಳ್ಳುವ ಮುನ್ನ ಪಟ್ಟಿಯ ಒಳಮೈಯ ಎರಡು ರಬ್ಬರ್ ಪಟ್ಟೆಗಳನ್ನು ನೀರಿನಿಂದ ಒದ್ದೆ ಮಾಡಬೇಕು. ಹೊರಟ ಮೊದಲ ಐದು ನಿಮಿಷ 210, 220 ಎಂದು ತೋರಿಸಿ, ಬೆವರು ಬಂದ ಮೇಲೆ ತಾನಾಗಿ ಸರಿಹೋದರೆ ದೋಷ ಒಣಗಿದ ಪಟ್ಟಿಯದು. ಸಿಂಥೆಟಿಕ್ ಜರ್ಸಿ ಗಾಳಿಗೆ ಪಟಪಟ ಬಡಿದುಕೊಂಡು ಸ್ಥಿರವಿದ್ಯುತ್ ಹುಟ್ಟಿಸಿದರೂ ಇದೇ ಫಲ. ಪಟ್ಟಿ ಎದೆಯ ಸ್ನಾಯುವಿನ ಕೆಳಗೆ ಕೂರಬೇಕು. ಆಳವಾಗಿ ಉಸಿರೆಳೆದಾಗ ಜಾರಬಾರದು, ಉಸಿರನ್ನು ಹಿಡಿದೂ ಇಡಬಾರದು. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಕಟ್ಟಿಕೊಳ್ಳಬೇಡಿ.

ಸವಾರಿ ಮುಗಿದ ಕೂಡಲೇ ಗುಂಡಿ ಬಿಚ್ಚಿ, ಸಂಕೇತ ಕಳಿಸುವ ಪುಟ್ಟ ಯಂತ್ರವನ್ನು ಪಟ್ಟಿಯಿಂದ ಬೇರ್ಪಡಿಸಿ. ಒದ್ದೆ ಪಟ್ಟಿಯಲ್ಲೇ ಬಿಟ್ಟರೆ ಎದೆಯ ಮೇಲೇ ಇದ್ದೇನೆಂದು ಅದು ಎಚ್ಚರವಾಗಿಯೇ ಇದ್ದು ಬ್ಯಾಟರಿ ತಿನ್ನುತ್ತದೆ. ಪಟ್ಟಿಯನ್ನು ಬರಿ ನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಿ. ಬೆವರಿನ ಉಪ್ಪು ಕಟ್ಟಿದರೆ ಪಟ್ಟಿ ಬೇಗ ಕೆಡುತ್ತದೆ.

ಈಗ ಮೊದಲು ಹೇಳಿದ ಮೂರು ಅಂಕಿಗೆ ಬರೋಣ. ವೇಗ 24, ಕೇಡೆನ್ಸ್ 61. ಅಂದರೆ ಮುಂದೆ 50 ಹಲ್ಲು, ಹಿಂದೆ 16 ಹಲ್ಲಿನ ಗೇರು. ಹಿಂದೆ 23 ಹಲ್ಲಿಗೆ ಬದಲಿಸಿ ಅದೇ 24ರಲ್ಲಿ ಹೋಗಬೇಕಾದರೆ ಕೇಡೆನ್ಸ್ 87 ಆಗಬೇಕು. ಆಗ ಪಾದ ಪೆಡಲನ್ನು ಒತ್ತಬೇಕಾದ ಬಲ ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ತೊಡೆಗೂ ಮಂಡಿಗೂ ಆರಾಮ. ಬದಲಿಗೆ ಉಸಿರು, ಬಡಿತ ತುಸು ಏರಬಹುದು. ಯಾವುದು ಸರಿ ಎಂದರೆ, ಸಮತಟ್ಟು ರಸ್ತೆಯಲ್ಲಿ 80ರಿಂದ 95ರ ನಡುವೆ ಬಹಳ ಜನಕ್ಕೆ ಒಗ್ಗುತ್ತದೆ. ಏರಿನಲ್ಲಿ 70ಕ್ಕೆ ಇಳಿದರೆ ಗಾಬರಿ ಬೇಡ. 60ಕ್ಕೆ ಇಳಿಯುತ್ತಿದ್ದರೆ ಗೇರು ಇಳಿಸುವ ಹೊತ್ತು.

ಬಡಿತ ಯಾವಾಗಲೂ ಹಿಂದೆ ಬರುವ ಅಂಕಿ. ಏರು ಶುರುವಾದಾಗ ಕೇಡೆನ್ಸ್ ಆ ಕ್ಷಣವೇ ಬದಲಾಗುತ್ತದೆ, ಹೃದಯ ಅರ್ಧ ನಿಮಿಷವೋ ಒಂದು ನಿಮಿಷವೋ ತಡವಾಗಿ ಏರುತ್ತದೆ. ಏರಿನ ಬುಡದಲ್ಲಿ ಬಡಿತ ಇನ್ನೂ 130 ಇದೆಯಲ್ಲ ಎಂದು ತುಳಿದವರು ಅರ್ಧ ಏರಿನಲ್ಲಿ ಏದುಸಿರು ಬಿಡುತ್ತಾರೆ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಎನ್ನುವ ಸೂತ್ರವೂ ಅಂದಾಜಿನದ್ದೇ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುತ್ತದೆ. ಬಿಸಿಲಿನಲ್ಲಿ ಎರಡು ಗಂಟೆ ತುಳಿದ ಮೇಲೆ ಅದೇ ವೇಗ, ಅದೇ ಕೇಡೆನ್ಸಿಗೆ ಬಡಿತ ಮೆಲ್ಲನೆ ಮೇಲೇರುತ್ತ ಹೋಗುವುದೂ ಸಹಜ. ಮೈಯಲ್ಲಿ ನೀರು ಕಡಿಮೆಯಾಗಿರುತ್ತದೆ. ಅದು ಬಾಟಲಿಗೆ ಕೈ ಹಾಕಬೇಕಾದ ಹೊತ್ತು. ಎದೆ ಬಿಗಿದರೆ, ತಲೆ ಸುತ್ತಿದರೆ ಮಾತ್ರ ಪರದೆಯ ಅಂಕಿ ಏನೇ ಇರಲಿ, ಸೈಕಲ್ ನಿಲ್ಲಿಸಿ.

ಕೊನೆಯದಾಗಿ ಬ್ಯಾಟರಿ. ಹೆಚ್ಚಿನ ಸೆನ್ಸರುಗಳಿಗೆ ಸಿಆರ್ 2032 ಎಂಬ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ. ಹಾಕುವಾಗ ರಬ್ಬರ್ ಉಂಗುರ ತನ್ನ ಕಾಲುವೆಯಲ್ಲೇ ಕೂತಿದೆಯೇ ನೋಡಿ, ಇಲ್ಲದಿದ್ದರೆ ಮೊದಲ ಮಳೆಗೇ ನೀರು ನುಗ್ಗುತ್ತದೆ. ತೆಗೆದ ಹಳೆಯ ಬ್ಯಾಟರಿ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಗಂಟಲನ್ನೇ ಸುಡುತ್ತದೆ. ಕಂಪ್ಯೂಟರಿನ ಬ್ಯಾಟರಿ ಬದಲಿಸಿದಾಗ ಕೆಲವು ಮಾದರಿಗಳು ಸುತ್ತಳತೆಯನ್ನೂ ಅಲ್ಲಿಯವರೆಗಿನ ಒಟ್ಟು ಕಿಲೋಮೀಟರನ್ನೂ ಮರೆತುಬಿಡುತ್ತವೆ. ಅವೆರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೇ ಮುಚ್ಚಳ ಬಿಚ್ಚಿ.