ಓವನ್ ನಾಬ್ ತಿರುಗಿಸಿದಾಗ ಒಳಗೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕೇಕು, ಬನ್ನು, ಬಿಸ್ಕತ್ತು ಮಾಡುವವರು ಇಲ್ಲಿ ಜಾಸ್ತಿ ಜನ ಇದ್ದೀರಿ ಅಂತ ಗೊತ್ತಾಯಿತು. ಮೈದಾ, ಬೆಣ್ಣೆ, ಸಕ್ಕರೆ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹಾಗಾಗಿ ಇವತ್ತು ಓವನ್ನಿನ ಒಂದೇ ಒಂದು ಭಾಗದ ಬಗ್ಗೆ ಮಾತಾಡುತ್ತೇನೆ. ಅದು ಥರ್ಮೋಸ್ಟಾಟ್, ಅಂದರೆ ಕಾವನ್ನು ಹಿಡಿತದಲ್ಲಿಡುವ ಸ್ವಿಚ್.

ಮೊದಲು ಒಂದು ಪ್ರಶ್ನೆ. ಕೇಕಿಗೆ 180 ಡಿಗ್ರಿ ಬೇಕು. ಓವನ್ ಬೇಗ ಕಾಯಲಿ ಅಂತ ನಾಬನ್ನು 250ಕ್ಕೆ ತಿರುಗಿಸುತ್ತೀರಿ. ಬೇಗ ಕಾಯುತ್ತದೆಯೇ?

ಇಲ್ಲ. ಒಂದು ನಿಮಿಷವೂ ಉಳಿಯುವುದಿಲ್ಲ. ನಮಗೆ ಗ್ಯಾಸ್ ಒಲೆಯ ಅಭ್ಯಾಸ. ಅಲ್ಲಿ ನಾಬ್ ತಿರುಗಿಸಿದಷ್ಟೂ ಉರಿ ದೊಡ್ಡದಾಗುತ್ತದೆ. ಓವನ್ನಿನ ನಾಬೂ ಹಾಗೇ ಇರಬೇಕು ಅಂದುಕೊಳ್ಳುವುದು ಸಹಜವೇ. ಆದರೆ ನಮ್ಮ ಮನೆಗಳಲ್ಲಿರುವ ಸಾಮಾನ್ಯ ಒಟಿಜಿಯಲ್ಲಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಚಿಕ್ಕ ವಿದ್ಯುತ್ ಓವನ್) ಉಷ್ಣಾಂಶದ ನಾಬ್ ಕಾಯಿಲ್‌ಗೆ ಹೋಗುವ ಕರೆಂಟನ್ನು ಹೆಚ್ಚು ಕಡಿಮೆ ಮಾಡುವುದೇ ಇಲ್ಲ. 1500 ವ್ಯಾಟ್ ಕಾಯಿಲ್ ಇದೆ ಅಂದುಕೊಳ್ಳಿ. 230 ವೋಲ್ಟ್‌ನಲ್ಲಿ ಅದು ಸುಮಾರು 6.5 ಆಂಪಿಯರ್ ಎಳೆಯುತ್ತದೆ. ನಾಬ್ 100ರಲ್ಲಿದ್ದರೂ ಅಷ್ಟೇ, 250ರಲ್ಲಿದ್ದರೂ ಅಷ್ಟೇ. ಕಾಯಿಲ್ ಪೂರ್ತಿ ಉರಿಯುತ್ತದೆ, ಇಲ್ಲವೇ ಪೂರ್ತಿ ಆರುತ್ತದೆ. ಯಾವಾಗ ಆರಬೇಕು ಅನ್ನುವುದನ್ನಷ್ಟೇ ನಾಬ್ ಹೇಳುತ್ತದೆ. 180 ಮುಟ್ಟುವ ತನಕ ಎರಡೂ ಒಂದೇ ವೇಗ. ಆಮೇಲೆ ನೀವು ನಾಬನ್ನು ಹಿಂದಕ್ಕೆ ತರಲು ಮರೆತರೆ ಕೇಕಿನ ಮೇಲ್ಭಾಗ ಕಪ್ಪಾಗುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ.

ಈ ನಿಲ್ಲಿಸುವ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಇಲ್ಲಿ ಮೇಜಿನ ಮೇಲೆ ಹಳೆಯ ಒಟಿಜಿಯಿಂದ ಬಿಚ್ಚಿದ ಥರ್ಮೋಸ್ಟಾಟ್ ಇದೆ. ಬೆರಳುದ್ದ ಇದೆ, ಅಷ್ಟೇ. ಪಿಂಗಾಣಿಯ ಬಿಲ್ಲೆಗಳ ನಡುವೆ ಎರಡು ಮೂರು ತೆಳು ಲೋಹದ ಪಟ್ಟಿಗಳು. ಎರಡು ಪಟ್ಟಿಗಳ ತುದಿಯಲ್ಲಿ ಒಂದೊಂದು ಸಣ್ಣ ಬೆಳ್ಳಿ ಬಣ್ಣದ ಗುಂಡಿ. ಎಲೆಕ್ಟ್ರಿಷಿಯನ್‌ಗಳು ಇದನ್ನೇ ಪಾಯಿಂಟ್ ಅನ್ನುತ್ತಾರೆ. ಈ ಎರಡು ಗುಂಡಿ ಒಂದಕ್ಕೊಂದು ತಾಗಿದ್ದರೆ ಕಾಯಿಲ್‌ಗೆ ಕರೆಂಟ್ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಬಿಡಿಸುವುದು ಯಾರು? ಇಗೋ, ಈ ದಪ್ಪ ಪಟ್ಟಿ. ಇದು ನೋಡಲು ಒಂದೇ ತಗಡು, ನಿಜಕ್ಕೂ ಎರಡು ಬೇರೆ ಲೋಹಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ್ದು. ಕಾದಾಗ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಕಡಿಮೆ ಹಿಗ್ಗುವ ಲೋಹಗಳಲ್ಲಿ ಹೆಸರಾದದ್ದು ಇನ್ವಾರ್. ಕಬ್ಬಿಣಕ್ಕೆ ಸುಮಾರು 36 ಶೇಕಡಾ ನಿಕ್ಕಲ್ ಬೆರೆಸಿದ ಮಿಶ್ರಲೋಹ ಅದು. 1896ರಲ್ಲಿ ಚಾರ್ಲ್ಸ್ ಎಡ್ವರ್ಡ್ ಗಿಯೋಮ್ ಇದರ ಗುಣ ಕಂಡುಹಿಡಿದರು. ನಿಕ್ಕಲ್ ಉಕ್ಕಿನ ಮೇಲಿನ ಈ ಕೆಲಸಕ್ಕೆ 1920ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು.

5 ಸೆಂಟಿಮೀಟರ್ ಉದ್ದದ ಹಿತ್ತಾಳೆ ಪಟ್ಟಿಯನ್ನು 100 ಡಿಗ್ರಿ ಜಾಸ್ತಿ ಕಾಯಿಸಿದರೆ ಅದು ಬೆಳೆಯುವುದು ಹೆಚ್ಚುಕಡಿಮೆ 0.1 ಮಿಲಿಮೀಟರ್. ಅಷ್ಟೇ ಉದ್ದದ ಇನ್ವಾರ್ ಅದರ ಹದಿನೈದನೇ ಒಂದು ಪಾಲೂ ಬೆಳೆಯುವುದಿಲ್ಲ. ಇಷ್ಟು ಸಣ್ಣ ವ್ಯತ್ಯಾಸದಿಂದ ಸ್ವಿಚ್ ನಡೆಸುವುದು ಕಷ್ಟ. ಆದರೆ ಎರಡನ್ನೂ ಅಂಟಿಸಿಬಿಟ್ಟರೆ ಹಿಗ್ಗಲು ದಾರಿಯಿಲ್ಲದೆ ಇಡೀ ಪಟ್ಟಿ ಬಾಗುತ್ತದೆ. ಬಾಗಿದಾಗ ತುದಿ ಕಣ್ಣಿಗೆ ಕಾಣುವಷ್ಟು ಸರಿಯುತ್ತದೆ. ಸರಿದ ತುದಿ ಪಾಯಿಂಟ್ ಇರುವ ಪಟ್ಟಿಯನ್ನು ತಳ್ಳುತ್ತದೆ, ಪಾಯಿಂಟ್ ಬಿಡುತ್ತದೆ. ನಿಮ್ಮ ನಾಬ್ ನಡುವಿನ ಸ್ಕ್ರೂವನ್ನು ತಿರುಗಿಸಿ ಪಟ್ಟಿಗಳನ್ನು ಒತ್ತಿ ಹಿಡಿಯುತ್ತದೆ. 250ಕ್ಕೆ ಇಟ್ಟರೆ ಒತ್ತಡ ಜಾಸ್ತಿ, ಅದನ್ನು ಬಿಡಿಸಲು ಪಟ್ಟಿ ಇನ್ನೂ ಜಾಸ್ತಿ ಬಾಗಬೇಕು, ಅಂದರೆ ಇನ್ನೂ ಜಾಸ್ತಿ ಕಾಯಬೇಕು. ಇಸ್ತ್ರಿ ಪೆಟ್ಟಿಗೆಯಲ್ಲೂ ಇದೇ ಏರ್ಪಾಡು.

ಈಗ ನಿಧಾನವಾಗಿ ತಿರುಗಿಸುತ್ತೇನೆ, ಕಿವಿಗೊಡಿ. ಟಕ್! ಕೇಳಿಸಿತಲ್ವಾ? ಇಡೀ ಓವನ್ನಿನಲ್ಲಿ ನನಗೆ ತುಂಬಾ ಇಷ್ಟವಾದ ಸದ್ದು ಇದು. ಪಟ್ಟಿ ಬಾಗುವುದು ನಿಧಾನವಾಗಿ. ಅದರ ಜೊತೆ ಪಾಯಿಂಟೂ ನಿಧಾನವಾಗಿ ಬಿಟ್ಟರೆ ನಡುವಿನ ಸಣ್ಣ ಸಂದಿಯಲ್ಲಿ ಕಿಡಿ ಹಾರುತ್ತಲೇ ಇರುತ್ತದೆ. 6 ಆಂಪಿಯರ್‌ನ ಕಿಡಿ ಅಂದರೆ ತಮಾಷೆ ಅಲ್ಲ, ಲೋಹ ಕರಗುತ್ತದೆ. ಅದಕ್ಕೇ ಸ್ಪ್ರಿಂಗ್ ಗುಣವಿರುವ ಒಂದು ಎಲೆಯನ್ನು ಹಾಕಿರುತ್ತಾರೆ. ಅದು ಒಂದು ಹಂತದ ತನಕ ತಡೆದುಕೊಂಡು, ಆಮೇಲೆ ಒಮ್ಮೆಲೇ ಆಚೆ ಜಿಗಿಯುತ್ತದೆ. ನಮ್ಮ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವುದರಿಂದಲೂ ಕಿಡಿ ಬೇಗ ಆರುತ್ತದೆ.

ಈ ಜಿಗಿತಕ್ಕೆ ಸಂಬಂಧಿಸಿದ ಒಂದು ಚಂದದ ಕತೆ ಇದೆ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಜಾನ್ ಸ್ಪೆನ್ಸರ್ ಎಂಬ ಹುಡುಗ ಒಂದು ಮರದ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಒಲೆ ಚೆನ್ನಾಗಿ ಕಾದಾಗ ಅದರ ಲೋಹದ ಬಾಗಿಲು ಸದ್ದು ಮಾಡಿ ಉಬ್ಬುತ್ತಿತ್ತು. ಉರಿ ಇಳಿದಾಗ ಮತ್ತೆ ಸದ್ದು ಮಾಡಿ ಒಳಗೆ ಹೋಗುತ್ತಿತ್ತು. ಮುಂದೆ ಅದೇ ಹುಡುಗ ಎರಡು ಲೋಹದ ಸಣ್ಣ ಬಟ್ಟಲಿನಾಕಾರದ ಬಿಲ್ಲೆ ಮಾಡಿದರು. ಅದು ನಿಗದಿಯಾದ ಉಷ್ಣಾಂಶಕ್ಕೆ ಟಕ್ ಅಂತ ಮಗುಚಿಕೊಂಡು ಸ್ವಿಚ್ ಬಿಡಿಸುತ್ತದೆ. ನಿಮ್ಮ ಗೀಸರ್‌ನೊಳಗಿನ ಸುರಕ್ಷತೆಯ ಕಟ್‌ಔಟ್‌ನಲ್ಲೂ ಇಂಥ ಬಿಲ್ಲೆಯೇ ಇರುತ್ತದೆ.

ಬಿಟ್ಟ ಪಾಯಿಂಟ್ ಮತ್ತೆ ತಾಗುವುದು ಯಾವಾಗ? 180ಕ್ಕೆ ಬಿಟ್ಟು 179ಕ್ಕೆ ತಾಗಿದರೆ ದಿನವಿಡೀ ಟಕ್ ಟಕ್ ಅನ್ನುತ್ತಾ ಬೇಗ ಸವೆದುಹೋಗುತ್ತದೆ. ಹಾಗಾಗಿ ಸ್ವಲ್ಪ ಜಾಸ್ತಿ ತಣ್ಣಗಾದ ಮೇಲೇ ತಾಗುತ್ತದೆ. ಕಾಯಿಲ್ ಆರಿದ ಮೇಲೂ ಅದರ ಮೈಯ ಕಾವು ಒಳಗೆ ಹರಡುತ್ತಲೇ ಇರುತ್ತದೆ, ಅದೂ ಸೇರಿಕೊಳ್ಳುತ್ತದೆ. ಚಿಕ್ಕ ಒಟಿಜಿಗಳಲ್ಲಿ ಉಷ್ಣಾಂಶ 20-30 ಡಿಗ್ರಿ ಮೇಲೆ ಕೆಳಗೆ ಆಗುವುದು ಸಾಮಾನ್ಯ. ಅಂದರೆ 180 ಅನ್ನುವುದು ಸರಾಸರಿ. ಇದು ದೋಷ ಅಂತ ಯಾರೂ ಗಾಬರಿಯಾಗಬೇಕಿಲ್ಲ.

ಆದರೆ ಪ್ರೀಹೀಟ್ ಮಾಡುವಾಗ ಇದನ್ನು ನೆನಪಿಡಿ. ಮೊದಲ ಸಲ ಕಟ್ ಆದ ತಕ್ಷಣ ಟಿನ್ ಒಳಗಿಡಬೇಡಿ. ಆಗ ಗಾಳಿ ಕಾದಿರುತ್ತದೆ, ಗೋಡೆಗಳು ಇನ್ನೂ ಪೂರ್ತಿ ಕಾದಿರುವುದಿಲ್ಲ. ಬಾಗಿಲು ತೆಗೆದರೆ ಬಿಸಿ ಗಾಳಿ ಹೊರಗೆ ಹೋಗಿಬಿಡುತ್ತದೆ, ಉಳಿಯುವುದು ಗೋಡೆಯ ಕಾವು ಮಾತ್ರ. ಎರಡು ಮೂರು ಸಲ ಆರಿ ಹೊತ್ತಿಕೊಳ್ಳಲಿ, ಆಮೇಲೆ ಇಡಿ.

ಇನ್ನೊಂದು ಮಾತು. ಚಿಕ್ಕ ಒಟಿಜಿಯ ಥರ್ಮೋಸ್ಟಾಟ್ ಸಾಮಾನ್ಯವಾಗಿ ನಾಬ್‌ಗಳ ಹಿಂದೆ, ಓವನ್ ಗೋಡೆಯ ಆಚೆ ಕೂತಿರುತ್ತದೆ. ಕೇಕ್ ಇರುವುದು ನಡುವೆ. ಪಾಪ, ಥರ್ಮೋಸ್ಟಾಟ್‌ಗೆ ಗೊತ್ತಾಗುವುದು ತನ್ನ ಪಕ್ಕದ ಕಾವು ಮಾತ್ರ. ಗೋಡೆಯೊಳಗೆ ಕೂರಿಸುವ ದೊಡ್ಡ ಓವನ್‌ಗಳಲ್ಲಿ ಬೇರೆ ಉಪಾಯ ಇದೆ. ತಾಮ್ರದ ಅಥವಾ ಉಕ್ಕಿನ ಸಣ್ಣ ಕೊಳವೆಯ ತುದಿಯಲ್ಲಿ ದ್ರವ ತುಂಬಿದ ಬಲ್ಬ್ ಓವನ್ನಿನ ಒಳಗೇ ಇರುತ್ತದೆ. ಕಾದ ದ್ರವ ಹಿಗ್ಗಿ, ಕೊಳವೆಯ ಇನ್ನೊಂದು ತುದಿಯ ಪೊರೆಯನ್ನು ಉಬ್ಬಿಸಿ ಸ್ವಿಚ್ ಒತ್ತುತ್ತದೆ. ರಿಪೇರಿ ಮಾಡುವಾಗ ಆ ಕೊಳವೆ ಮಡಚಿ ಸೀಳಿದರೆ ದ್ರವ ಸೋರಿ ಹೋಗುತ್ತದೆ. ಆಗ ಓವನ್ ತಣ್ಣಗಿದೆ ಎಂದೇ ತಿಳಿದು ಕಾಯಿಸುತ್ತಲೇ ಹೋಗುವ ಥರ್ಮೋಸ್ಟಾಟ್‌ಗಳೂ ಇವೆ. ಡಿಜಿಟಲ್ ಓವನ್‌ಗಳಲ್ಲಿ ಕಾವಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್ ಇರುತ್ತದೆ, ರಿಲೇ ಎಂಬ ವಿದ್ಯುತ್ತಿನಿಂದ ನಡೆಯುವ ಸ್ವಿಚ್ ಕರೆಂಟ್ ಬಿಡಿಸುತ್ತದೆ. ಅಲ್ಲೂ ಬಹಳಷ್ಟು ಸಲ ಕೆಲಸ ಅದೇ, ಪೂರ್ತಿ ಆನ್, ಪೂರ್ತಿ ಆಫ್.

ಕೆಡುವುದು ಎರಡು ರೀತಿ. ಪಾಯಿಂಟ್ ಸುಟ್ಟು ಕಪ್ಪಾದರೆ ಓವನ್ ಕಾಯುವುದೇ ಇಲ್ಲ. ಇದರಿಂದ ತೊಂದರೆ ಇದೆ, ಅಪಾಯ ಕಡಿಮೆ. ಪಾಯಿಂಟ್‌ಗಳು ಕರಗಿ ಒಂದಕ್ಕೊಂದು ಅಂಟಿಕೊಂಡರೆ ಕಾಯಿಲ್ ಆರುವುದೇ ಇಲ್ಲ. ಇದು ನಿಜವಾದ ಅಪಾಯ. 150ಕ್ಕೆ ಇಟ್ಟರೂ ಕಾಯಿಲ್ ಎಷ್ಟು ಹೊತ್ತಾದರೂ ಕೆಂಪಗೆ ಉರಿಯುತ್ತಲೇ ಇದ್ದರೆ ದಯವಿಟ್ಟು ಪ್ಲಗ್ ತೆಗೆಯಿರಿ. ಕಟ್‌ಔಟ್ ಇದೆಯಲ್ಲ ಅಂತ ಬೇಕಿಂಗ್ ಮುಂದುವರಿಸಬೇಡಿ.

ಕೊನೆಗೆ, ನಿಮ್ಮ ನಾಬ್ ಎಷ್ಟು ನಂಬಿಕೆಗೆ ಅರ್ಹ ಅಂತ ನೋಡುವ ದಾರಿ. ಓವನ್ ಒಳಗಿಡುವ ಥರ್ಮೋಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಕ್ಕರೆ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಚೆನ್ನಾಗಿ ಪ್ರೀಹೀಟ್ ಮಾಡಿ, 170ಕ್ಕೆ ಇಟ್ಟು, ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಹಾಕಿ ಓವನ್ನಿನ ನಡುವೆ 15 ನಿಮಿಷ ಬಿಡಿ. ಕರಗಿ ಪಾಕವಾದರೆ ನಿಮ್ಮ ಓವನ್ ನಾಬ್ ಹೇಳುವುದಕ್ಕಿಂತ ಬಿಸಿ. ಕರಗದಿದ್ದರೆ 200ಕ್ಕೆ ಇಟ್ಟು ಹೊಸ ಸಕ್ಕರೆಯಲ್ಲಿ ಇನ್ನೊಮ್ಮೆ ನೋಡಿ. ಈಗಲೂ ಕರಗದಿದ್ದರೆ ಓವನ್ ಹಿಂದೆ ಬಿದ್ದಿದೆ. ಎರಡರಲ್ಲಿ ಯಾವುದಾದರೂ ಆಗಿದ್ದರೆ, ನಾಬಿನ ಪಕ್ಕದಲ್ಲಿ ಒಂದು ಚೂರು ಟೇಪ್ ಅಂಟಿಸಿ, ನಿಮ್ಮ ಓವನ್ನಿನ ನಿಜವಾದ 180 ಎಲ್ಲಿದೆ ಅಂತ ಗುರುತು ಮಾಡಿಟ್ಟುಕೊಳ್ಳಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.