ಮಾಪಕ ನಮ್ಮೂರಿನದು, ಮಳೆ ಲೆಕ್ಕ ಯಾರದ್ದು?

(ಸಾಗರದಲ್ಲಿ ಅಡಿಕೆ ಬೆಳೆಗಾರರ ಎದುರು ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಪೀಠಿಕೆ ಹಾಕುವುದಿಲ್ಲ.

ಹೋದ ವರ್ಷ ಎರಡನೇ ಔಷಧಿ ಹೊಡೆಯುವ ಹೊತ್ತು. ಮೊದಲನೆಯದು ಹೊಡೆದು ನಲವತ್ತು ದಿನ ದಾಟಿತ್ತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಅಂತೂ ಸಿಕ್ಕಿದ್ದ. ನನ್ನ ಫೋನಿನಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಂಡ ಹವಾಮಾನದ ಆ್ಯಪ್ ಒಂದಿತ್ತು. ಸಂಜೆವರೆಗೆ ಹೊಳವು ಅಂತ ಬಿಸಿಲಿನ ಚಿತ್ರ ತೋರಿಸಿತು. ಬೆಳಿಗ್ಗೆ ಎದ್ದು ಮೈಲುತುತ್ತ, ಸುಣ್ಣ ಕಲಸಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಿಕೊಂಡೆವು. ಮೂರು ಡ್ರಮ್ ಖಾಲಿ ಆಗುವಷ್ಟರಲ್ಲಿ ಹತ್ತೂವರೆ. ಆಗ ಹಿಡಿದ ಮಳೆ ಕತ್ತಲಾದರೂ ಬಿಡಲಿಲ್ಲ. ಅಡಿಕೆ ಗೊನೆಗೆ ಹೊಡೆದದ್ದೆಲ್ಲ ನೀಲಿ ನೀರಾಗಿ ಮರದ ಮೈಮೇಲೆ ಇಳಿಯಿತು. ಕೊನೆಗಾರ ಏನೂ ಹೇಳಲಿಲ್ಲ, ಫೋನ್ ಕಡೆ ಒಮ್ಮೆ ನೋಡಿದ ಅಷ್ಟೇ.

ಸಿಟ್ಟು ಬಂತು, ಸುಳ್ಳೇನು. ಆಮೇಲೆ ಈ ಆ್ಯಪ್‌ಗಳು ಮಳೆಯನ್ನು ಎಲ್ಲಿಂದ ತರುತ್ತವೆ ಅಂತ ಹುಡುಕುತ್ತ ಕೂತೆ. ಎಷ್ಟೋ ಆ್ಯಪ್‌ಗಳ ಒಳಗೆ ಇರುವುದು ಅಮೆರಿಕ ಸರ್ಕಾರದ ಜಿಎಫ್‌ಎಸ್ ಎಂಬ ಕಂಪ್ಯೂಟರ್ ಮುನ್ಸೂಚನಾ ಮಾದರಿಯ ಲೆಕ್ಕ. ಅದು ದಿನಕ್ಕೆ ನಾಲ್ಕು ಸಲ ಬರುತ್ತದೆ, ಜಗತ್ತಿನ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಆದರೆ ಅದು ಹಂಚುವ ಲೆಕ್ಕದ ಒಂದೊಂದು ಚೌಕವೂ ಸುಮಾರು 27 ಕಿಲೋಮೀಟರ್ ಅಗಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ ಆಗುವ ಸೀಮೆ ನಮ್ಮದು. ಅಷ್ಟು ದೊಡ್ಡ ಚೌಕಕ್ಕೆ ನನ್ನ ತೋಟ ಎಲ್ಲಿ ಕಾಣಬೇಕು?

ಅದನ್ನು ತಿದ್ದಲು ಬೇಕಾದದ್ದು ನೆಲದ ಮೇಲಿನ ಅಳತೆ. ಅದು ನಮ್ಮಲ್ಲಿ ಧಾರಾಳವಾಗಿದೆ. ಭಾರತೀಯ ಹವಾಮಾನ ಇಲಾಖೆ 1875ರಿಂದ ಇದೆ, ಆಗುಂಬೆಯಲ್ಲಿ ಅದರ ಕೇಂದ್ರವಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಮಾಪಕ ಹಾಕಿದೆ. 15 ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತದೆ. ಬೇರೆ ರಾಜ್ಯದವರು ಹೊಟ್ಟೆಕಿಚ್ಚು ಪಡುವಂಥ ವ್ಯವಸ್ಥೆ ಇದು, ಮನಸಾರೆ ಹೇಳುತ್ತೇನೆ. ಇವತ್ತಿನ ಮಳೆ ನಕ್ಷೆ ನಮಗೆ ಸಿಗುತ್ತದೆ. ನಾನು ಕೇಳುವುದು ಅದರ ಹಿಂದಿನ ಅಂಕಿಯನ್ನು. ಮಾಪಕ ನೆಟ್ಟ ದಿನದಿಂದ ಇವತ್ತಿನವರೆಗಿನ ಪೂರ್ತಿ ಕಡತ, ಕೇಳಿದವರಿಗೆಲ್ಲ, ಅರ್ಜಿ ಇಲ್ಲದೆ.

ಅಂಕಿ ಯಾಕೆ ಬೇಕು, ನಕ್ಷೆ ಸಾಲದಾ? ನಮ್ಮ ಮನೆಯದೇ ಕತೆ ಕೇಳಿ. ಅಂಗಳದಲ್ಲಿ ನಾನೊಂದು ಸ್ವಯಂಚಾಲಿತ ಮಾಪಕ ಇಟ್ಟಿದ್ದೆ. ಒಳಗೆ ಮಕ್ಕಳ ಏತಪಾತದಂಥ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ಟಕ್ ಅಂತ ಬಾಗಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಆ ಟಕ್‌ಗಳನ್ನು ಎಣಿಸಿದರೆ ಅದೇ ಮಳೆ. ಆರಿದ್ರಾ ಮಳೆ ಹೊಯ್ಯುತ್ತಿದ್ದರೂ ಅದು ನಾಲ್ಕು ದಿನ ಸೊನ್ನೆ ತೋರಿಸಿತು. ಪಕ್ಕದ ಮನೆಯವರ ಹಳೆಯ ಮಳೆ ಪುಸ್ತಕದಲ್ಲಿ ಆ ನಾಲ್ಕು ದಿನಕ್ಕೆ ಒಂಬತ್ತು ಇಂಚು ಇಪ್ಪತ್ತು ಸೆಂಟ್ಸ್! (ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು.) ಮುಚ್ಚಳ ತೆಗೆದರೆ ಕಣಜ ಮಣ್ಣಿನ ಗೂಡು ಕಟ್ಟಿ ಬಟ್ಟಲನ್ನೇ ಅಂಟಿಸಿಬಿಟ್ಟಿತ್ತು. ಎರಡು ಲೆಕ್ಕವೂ ಕಣ್ಣೆದುರು ಇದ್ದದ್ದಕ್ಕೆ ತಪ್ಪು ಸಿಕ್ಕಿತು. ಈಗ ಬೆಳೆ ವಿಮೆ ನೆನಪು ಮಾಡಿಕೊಳ್ಳಿ. ಹವಾಮಾನ ಆಧಾರಿತ ವಿಮೆಯಲ್ಲಿ ಯಾರೂ ಬಂದು ನಿಮ್ಮ ಕೊಳೆತ ಅಡಿಕೆ ನೋಡುವುದಿಲ್ಲ. ಮಾಪಕ ಏನು ಹೇಳಿತೋ ಅದರ ಮೇಲೆ ಪರಿಹಾರ. ಹಾಗಾದರೆ ಮಾಪಕದ ಟಕ್ ಟಕ್ ಬೆಳೆಗಾರನಿಗೂ ಕೇಳಬೇಕು, ಅಲ್ವಾ?

ಖಾಸಗಿಯವರು ಬೇಡ ಅಂತ ನಾನು ಹೇಳುತ್ತಿಲ್ಲ. ಅಂಕಿ ತೆಗೆದುಕೊಂಡು, ತಲೆ ಓಡಿಸಿ, ನನ್ನ ತೋಟಕ್ಕೆ ಸರಿಯಾದ ಮುನ್ಸೂಚನೆ ಕೊಟ್ಟರೆ ಮತ್ತೆ ದುಡ್ಡು ಕೊಡುತ್ತೇನೆ. ಅಳತೆಗೇ ಬೇಲಿ ಹಾಕಬಾರದು ಅಷ್ಟೇ. ಅಮೆರಿಕದಲ್ಲಿ 2005ರಲ್ಲಿ ಆ ಪ್ರಯತ್ನ ನಡೆದಿತ್ತು. ರಿಕ್ ಸ್ಯಾಂಟೋರಮ್ ಎಂಬ ಸೆನೆಟರ್ ಒಂದು ಮಸೂದೆ ತಂದರು. ಅಪಾಯದ ಎಚ್ಚರಿಕೆಗಳನ್ನು ಬಿಟ್ಟು, ಖಾಸಗಿಯವರು ಕೊಡಬಹುದಾದ ಸೇವೆಯನ್ನು ಸರ್ಕಾರಿ ಹವಾಮಾನ ಸೇವೆ ಕೊಡಕೂಡದು ಅಂತ ಅದರ ಸಾರ. ಅಂಕಿ ಅಂಶದ ಬಾಗಿಲನ್ನೂ ಅಂಕಿಯನ್ನು ಸಗಟಾಗಿ ಎತ್ತುವ ಕಂಪನಿಗಳ ಅನುಕೂಲಕ್ಕೆ ತಕ್ಕಂತೆ ಇಡಬೇಕಂತೆ! ಹವಾಮಾನ ಮುನ್ಸೂಚನೆ ಮಾರುವ ಅಕ್ಯುವೆದರ್ ಕಂಪನಿ ಇರುವುದೂ ಆ ಸೆನೆಟರ್ ಅವರದೇ ರಾಜ್ಯ ಪೆನ್ಸಿಲ್ವೇನಿಯಾದಲ್ಲಿ. ಮಸೂದೆ ಮುಂದೆ ಹೋಗಲಿಲ್ಲ. ಜನ ತೆರಿಗೆ ಕಟ್ಟಿ ಒಮ್ಮೆ ಕೊಂಡದ್ದನ್ನು ಅವರಿಗೇ ಇನ್ನೊಮ್ಮೆ ಮಾರುವ ಉಪಾಯ ಅದು. ಯೂರೋಪಿನ ಹವಾಮಾನ ಮುನ್ಸೂಚನಾ ಕೇಂದ್ರವಾದ ಇಸಿಎಂಡಬ್ಲ್ಯುಎಫ್ ವರ್ಷಗಟ್ಟಲೆ ತನ್ನ ಮುನ್ಸೂಚನೆಯ ಅಂಕಿ ಮಾರುತ್ತಿತ್ತು. ಅದೂ ಹಂತ ಹಂತವಾಗಿ ಬಾಗಿಲು ತೆರೆಯಿತು.

ನಮ್ಮಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. 1901ರಿಂದೀಚೆಗಿನ ದೇಶದ ದಿನವಾರು ಮಳೆ ಹವಾಮಾನ ಇಲಾಖೆಯ ಪುಣೆ ಕಚೇರಿಯ ತಾಣದಲ್ಲಿ ಪುಕ್ಕಟೆ ಇದೆ. ಆದರೆ ಅದೂ ಅದೇ 27 ಕಿಲೋಮೀಟರ್ ಚೌಕದ ಲೆಕ್ಕ. ಚೌಕದ ಒಳಗೆ ನಮ್ಮ ಗುಡ್ಡ ಸಪಾಟಾಗಿಬಿಡುತ್ತದೆ.

ಹಾಗಾಗಿ ಒಂದು ಕೆಲಸ. ನಿಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಮಳೆ ಪುಸ್ತಕ ಇದ್ದರೆ ಮುಂದಿನ ವಾರ ತನ್ನಿ. ಫೋಟೊ ತೆಗೆದು ವಾಪಸ್ ಕೊಡುತ್ತೇವೆ. ಪಂಚಾಯಿತಿ ಮಾಪಕದ ಹಳೆಯ ಅಂಕಿ ಕೇಳುವ ಪತ್ರ ಮೇಜಿನ ಮೇಲಿದೆ, ಓದಿ ಸಹಿ ಹಾಕಿ. ಹೋಲಿಸುವಾಗ ಒಂದು ಜಾಗ್ರತೆ. ಇಲಾಖೆಯ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ, ನಮ್ಮಜ್ಜನ ದಿನ ಕಾಫಿ ಕುಡಿದ ಮೇಲೆ. ಮತ್ತೆ, ಇಂಚನ್ನು 25.4ರಿಂದ ಗುಣಿಸಲು ಮರೆಯಬೇಡಿ.